ಚೆಂಡು ನೋಡದ ದಸ್ತಗೀರ ಮಾಸ್ತರ

ಆಟ ನಡೆದಿರುವಾಗ ದಸ್ತಗೀರ ಮಾಸ್ತರರು ಚೆಂಡಿನ ಕಡೆ ನೋಡುತ್ತಿರಲಿಲ್ಲ. ಅಂಕಣದ ಮೂಲೆಯಲ್ಲಿ, ಸುಣ್ಣದ ಗೆರೆಯಿಂದ ಒಂದು ಗೇಣು ಆಚೆ ಕುಕ್ಕರಗಾಲಿನಲ್ಲಿ ಕೂತು, ಹತ್ತು ಹುಡುಗರ ಇಪ್ಪತ್ತು ಕಾಲುಗಳನ್ನು ನೋಡುತ್ತಿದ್ದರು. ಚೆಂಡು ತಲೆಯ ಮೇಲೆ ಹಾದುಹೋದರೂ ಕತ್ತು ಎತ್ತುತ್ತಿರಲಿಲ್ಲ. ಜನ ಹೋ ಎಂದು ಕೂಗಿದಾಗ ಮಾತ್ರ ಪಕ್ಕದವರನ್ನು "ಬಿತ್ತೇನ್ರಿ?" ಎಂದು ಕೇಳುತ್ತಿದ್ದರು. ಯಾಕೆ ಹೀಗೆ ಎಂದು ಒಬ್ಬರು ವಿಚಾರಿಸಿದ್ದಕ್ಕೆ, "ಚೆಂಡು ಎಲ್ಲಿ ಹೊಂಟೈತಿ ಅನ್ನೂದು ಚೆಂಡಿಗೇ ಗೊತ್ತಿರಂಗಿಲ್ರಿ. ಕಾಲಿಗೆ ಮೊದ್ಲ ಗೊತ್ತಿರ್ತೈತಿ" ಅಂದರಂತೆ.

ಈ ಮಾತು ಧಾರವಾಡದ ತುಂಬ ಹಬ್ಬಿತು. ಚಹಾದಂಗಡಿಯಲ್ಲಿ ಕೂತವರೂ ಅದನ್ನು ಹೇಳಿ ತಲೆದೂಗುತ್ತಿದ್ದರು. ನನಗೆ ಮಾತ್ರ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಮಲ್ಲಕಂಬ ಹತ್ತಿಸುವ ನನ್ನಂಥವನಿಗೆ ಹುಡುಗರ ಕಾಲಿನ ವಿಷಯ ಗೊತ್ತಿಲ್ಲವೇ? ಅದು ನಾನು ಆಡಬೇಕಾಗಿದ್ದ ಮಾತು. ನನಗೆ ಹೊಳೆದಿರಲಿಲ್ಲ, ಅಷ್ಟೇ.

ಅವರು ಬರುವುದಕ್ಕೆ ಎಂಟು ವರ್ಷ ಮೊದಲೇ ನಾನು ಅಲ್ಲಿಯ ಕಾಲೇಜೊಂದರಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದೆ. ಕಾಲೇಜಿನ ಹಿಂದೆ ತಗಡು ಹೊದಿಸಿದ ನನ್ನದೊಂದು ಗರಡಿ, ಅದರ ಮುಂದೆ ಎಣ್ಣೆ ಕುಡಿದು ಕರ್ರಗಾದ ಮಲ್ಲಕಂಬ. ಸಂಜೆಯಾದರೆ ಮೂವತ್ತು ಹುಡುಗರು ಲಂಗೋಟಿ ಬಿಗಿದು ಬರುತ್ತಿದ್ದರು. ಕಾಲೇಜಿನ ವರ್ಷದ ಗ್ಯಾದರಿಂಗಿನ ದಿನ ಕಂಬದ ತುದಿಯಲ್ಲಿ ಹುಡುಗನೊಬ್ಬ ತಲೆ ಕೆಳಗಾಗಿ ನಿಂತಾಗ ಊರಿನ ಹಿರಿಯರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಶಿವಪ್ಪ ಮಾಸ್ತರ ಎಂದರೆ ಹೆಸರಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವ ಮೂರ್ನಾಲ್ಕು ವರ್ಷ ಮೊದಲು, ಮಳೆಗಾಲ ಮುಗಿದ ಮೇಲೆ, ಪ್ರಿನ್ಸಿಪಾಲರು ಒಬ್ಬ ಗಿಡ್ಡ ಮನುಷ್ಯನನ್ನು ಗರಡಿಗೆ ಕರೆತಂದರು. ತಲೆಗೆ ಕರಿ ಟೊಪ್ಪಿಗೆ, ಖಾಕಿ ಚಡ್ಡಿ, ಮೊಣಕಾಲವರೆಗೆ ಎಳೆದ ಕಾಲುಚೀಲ. ಹುಬ್ಬಳ್ಳಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗ. ಚಿಕ್ಕಂದಿನಿಂದ ತಂದೆಯ ಕುಲುಮೆಯ ಮುಂದೆ ಕೂತು ಬೆರಳ ತುದಿಗಳು ಕಪ್ಪಾಗಿದ್ದವು. ಹೇಗೋ ಓದಿ, ಮದ್ರಾಸಿಗೆ ಹೋಗಿ ಹೊಸ ಮಾದರಿಯ ವ್ಯಾಯಾಮ ಶಿಕ್ಷಣ ಕಲಿತು ಬಂದಿದ್ದರು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು.

"ಶಿವಪ್ಪಣ್ಣಾ, ನಿಮ್ಮ ಹೆಸರು ಹುಬ್ಬಳ್ಳಿತನಾ ಕೇಳೇನ್ರಿ. ನಿಮ್ಮ ಕೈಕೆಳಗ ನನಗೂ ಒಂದೀಟು ಜಾಗಾ ಕೊಡ್ರಿ" ಎಂದು ಕೈಮುಗಿದರು. ಅಣ್ಣ ಎಂದದ್ದು ಬಾಯಿಮಾತಿಗಲ್ಲ. ಕೊನೆಯವರೆಗೂ ಹಾಗೆಯೇ ಕರೆದರು. ಅದೇ ನನಗೆ ತಡೆಯಲಾಗದ್ದು. ವೈರಿ ವೈರಿಯಂತೆ ಇದ್ದರೆ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತದೆ.

ಅವರು ಕೇಳಿದ "ಒಂದೀಟು ಜಾಗಾ" ನನ್ನ ಗರಡಿಯ ಎದುರಿನ ಬಯಲಾಗಿತ್ತು. ಹುಬ್ಬಳ್ಳಿಯ ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಮಾಡಿಸಿ ತಂದರು. ಹಲಗೆ ಹೊಡೆದು, ಕಂಬ ನೆಟ್ಟು, ಗರಸು ಮಣ್ಣು ಹಾಕಿಸಿ, ಹುಡುಗರ ಜೊತೆ ತಾವೂ ದಿಮ್ಮಿಸು ಹಿಡಿದು ನೆಲ ಬಡಿದರು. ಬಾಸ್ಕೆಟ್‌ಬಾಲ್ ಎಂಬ ಹೆಸರು ನಮ್ಮ ಜವಾನನ ನಾಲಿಗೆಗೆ ಒಗ್ಗದೆ ಅವನು "ಬುಟ್ಟಿ ಚೆಂಡು" ಅಂದ. ಊರಿಗೆಲ್ಲ ಅದೇ ಹೆಸರಾಯಿತು.

ಮೊದಲ ಒಂದು ತಿಂಗಳು ಅವರು ಹುಡುಗರ ಕೈಗೆ ಚೆಂಡನ್ನೇ ಕೊಡಲಿಲ್ಲ. ಬರಿಗೈಯಲ್ಲಿ ಓಡು, ನಿಲ್ಲು, ತಿರುಗು, ಹಿಂದೆ ಸರಿ. ಅಧ್ಯಾಪಕರೆಲ್ಲ ವರಾಂಡದಲ್ಲಿ ನಿಂತು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ವರ್ಷ ಕಾಲೇಜುಗಳ ನಡುವಿನ ಪಂದ್ಯಕ್ಕೆ ಬೆಳಗಾವಿಗೆ ಹೋಗಿ ಹೀನಾಯವಾಗಿ ಸೋತು ಬಂದರು. ಸುದ್ದಿ ಕೇಳಿದ ದಿನ ನಾನು ಮನೆಗೆ ಪೇಢೆ ಒಯ್ದೆ. ನನ್ನ ಹೆಂಡತಿ ಗಂಗವ್ವ, "ಏನ್ರಿ ವಿಶೇಷ?" ಎಂದು ಕೇಳಿದಳು. ಅವಳು ಪೇಢೆ ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು. ಗೊತ್ತಾಯಿತೆಂದು ಕಾಣುತ್ತದೆ, ಎರಡನೆಯದನ್ನು ಮುಟ್ಟಲಿಲ್ಲ.

ಎರಡನೆಯ ವರ್ಷ ಅವರು ಗೆದ್ದರು. ಗೆದ್ದ ತಂಡಕ್ಕೆ ಕೊಡುವ ಬೆಳ್ಳಿಯ ಢಾಲು ಪ್ರಿನ್ಸಿಪಾಲರ ಕೋಣೆಯ ಗೋಡೆಗೆ ಬಂತು. ಅದರ ಮರುವರ್ಷವೂ ಅಲ್ಲೇ ಉಳಿಯಿತು. ಕೊಲ್ಹಾಪುರ, ಸಾಂಗ್ಲಿ, ಪುಣೆ ಎಂದು ಹುಡುಗರು ಹೋದಲ್ಲೆಲ್ಲ ಗೆದ್ದರು. ಸ್ಟೇಷನ್ನಿನಿಂದ ಕಾಲೇಜಿನವರೆಗೆ ಹಲಗೆ ಬಾರಿಸುತ್ತ ಮೆರವಣಿಗೆ. ಟಾಂಗಾದಲ್ಲಿ ಹುಡುಗರನ್ನು ಕೂಡ್ರಿಸಿ ದಸ್ತಗೀರ ಮಾಸ್ತರರು ಹಿಂದೆ ನಡೆದು ಬರುತ್ತಿದ್ದರು, ಯಾರದೋ ಚೀಲ ಹೊತ್ತುಕೊಂಡು. ಅದೂ ಒಂದು ನಾಟಕವೆಂದು ನಾನು ಅಧ್ಯಾಪಕರ ಕೋಣೆಯಲ್ಲಿ ಹೇಳಿದೆ. ನಾಟಕವಲ್ಲವೆಂದು ನನಗೆ ಗೊತ್ತಿತ್ತು.

ಅವರ ಬಗ್ಗೆ ದೂರುಗಳೂ ಕಡಿಮೆಯಿರಲಿಲ್ಲ, ಅವೆಲ್ಲ ಸುಳ್ಳೂ ಅಲ್ಲ. ಸಿಟ್ಟು ಬಂದರೆ ಒದ್ದೆ ಟಾವೆಲಿನಿಂದ ಹುಡುಗರ ಬೆನ್ನಿಗೆ ಬಾರಿಸುತ್ತಿದ್ದರು. ಪಂದ್ಯ ಹತ್ತಿರ ಬಂದರೆ ಕ್ಲಾಸಿನಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ಗಣಿತದ ಪ್ರೊಫೆಸರರು ಈ ವಿಷಯಕ್ಕೆ ಎರಡು ಸಲ ರಾಜೀನಾಮೆಯ ಬೆದರಿಕೆ ಹಾಕಿದರು. ಊರಿನ ದೊಡ್ಡ ವಕೀಲರೊಬ್ಬರ ಮಗ ಚೆನ್ನಾಗಿ ಆಡುತ್ತಿದ್ದ. ಮೂರು ದಿನ ತಡವಾಗಿ ಬಂದನೆಂದು ಅವನನ್ನು ವರ್ಷವಿಡೀ ಹೊರಗೆ ಕೂಡ್ರಿಸಿದರು. ವಕೀಲರೇ ಟಾಂಗಾ ಮಾಡಿಕೊಂಡು ಮೈದಾನಕ್ಕೆ ಬಂದರು. ದಸ್ತಗೀರ ಮಾಸ್ತರರು ಕೂತಲ್ಲಿಂದ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, "ನಿಮ್ಮ ಮಗ ಭಾಳ ಛಲೋ ಹುಡುಗ್ರಿ ಸಾಹೇಬ್ರ. ಆದ್ರ ಗಡಿಯಾರ ನೋಡಾಕ ಬರಂಗಿಲ್ಲ. ಅದನ್ನ ಮನ್ಯಾಗ ಕಲಿಸ್ರಿ, ಬುಟ್ಟಿ ನಾ ಕಲಿಸ್ತೇನಿ" ಅಂದರು. ವಕೀಲರ ಮುಖ ಕೆಂಪಾದದ್ದನ್ನು ಗರಡಿಯ ಬಾಗಿಲಲ್ಲಿ ನಿಂತು ನಾನೇ ಕಂಡೆ. ಒಳಗೊಳಗೆ ಸಂತೋಷವಾಯಿತು, ಈ ಮನುಷ್ಯ ಈಗ ಒಬ್ಬ ಗಟ್ಟಿ ವೈರಿಯನ್ನು ಗಳಿಸಿಕೊಂಡನೆಂದು. ಅದೇ ಹೊತ್ತಿಗೆ, ಅಂಥ ಮಾತು ಅಂಥವರಿಗೆ ಹೇಳುವ ಎದೆ ನನಗಿಲ್ಲವಲ್ಲ ಎಂದು ಉರಿಯಿತು ಕೂಡ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಈರಪ್ಪ ಹೋದದ್ದನ್ನು ಮಾತ್ರ ನುಂಗಲಾಗಲಿಲ್ಲ.

ಈರಪ್ಪ ನವಲಗುಂದದ ಕಡೆಯ ಒಕ್ಕಲಿನ ಮನೆಯ ಹುಡುಗ. ಉದ್ದ ಕಾಲು, ಉದ್ದ ಕೈ. ಮಲ್ಲಕಂಬಕ್ಕೆ ಸುತ್ತಿಕೊಂಡರೆ ಬಳ್ಳಿಯಂತೆ ಕಾಣುತ್ತಿದ್ದ. ನಮಗೆ ಮಕ್ಕಳಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಗಂಗವ್ವ ಹೋಳಿಗೆ ಮಾಡಿದರೆ ಅವನಿಗೊಂದು ತಾಟು ತೆಗೆದಿಡುತ್ತಿದ್ದಳು. ಒಂದು ಸಂಜೆ ಗರಡಿಯಲ್ಲಿ ಉಳಿದದ್ದು ಆರು ಹುಡುಗರು, ಅವರಲ್ಲಿ ಈರಪ್ಪ ಇರಲಿಲ್ಲ. ಎದುರಿನ ಬಯಲಲ್ಲಿ ಬಳೆಯ ಕೆಳಗೆ ಜಿಗಿಯುತ್ತಿದ್ದ.

ಮರುದಿನ ಬಂದು ತಲೆ ತಗ್ಗಿಸಿ ನಿಂತ. "ಕಂಬದ ಮ್ಯಾಲ ನಾನೊಬ್ಬನ ಇರ್ತೇನ್ರಿ ಮಾಸ್ತರ. ಅಲ್ಲಿ ಐದು ಮಂದಿ ಇರ್ತೇವಿ" ಅಂದ. ನಾನು, "ಹೋಗು" ಎಂದೆ. ಅಷ್ಟೇ ಅಂದದ್ದು. ಅವತ್ತೇ ಸಂಜೆ ದಸ್ತಗೀರ ಮಾಸ್ತರರು ಗರಡಿಗೆ ಬಂದು, "ಹುಡುಗಗ ನೀವು ಹಾಕಿದ ತಳಪಾಯ ಐತ್ರಿ ಅಣ್ಣಾ. ನಾ ಬರೇ ಗ್ವಾಡಿ ಕಟ್ಟಾಕತ್ತೇನಿ" ಅಂದರು. ನಾನು ಕಂಬಕ್ಕೆ ಎಣ್ಣೆ ತಿಕ್ಕುತ್ತಲೇ ಇದ್ದೆ, ತಿರುಗಿ ನೋಡಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಗಂಗವ್ವ, "ನಿಮ್ಮ ಹೊಟ್ಟ್ಯಾಗ ಏನೋ ಸುಡಾಕತ್ತೈತ್ರಿ. ರೊಟ್ಟಿ ಹಾಕಿದ್ರ ಆರುವಂಥಾದ್ದಲ್ಲ ಅದು" ಅಂದಳು.

ಈರಪ್ಪನ ಕೊನೆಯ ವರ್ಷ. ಆ ಸಲದ ಪಂದ್ಯಗಳು ನಮ್ಮ ಮೈದಾನದಲ್ಲೇ ನಡೆದವು. ಫೈನಲ್ಲಿನ ಹಿಂದಿನ ಸಂಜೆಯ ಆಟದಲ್ಲಿ ಈರಪ್ಪ ಬಿದ್ದ, ಎದ್ದ, ಆಡಿ ಗೆಲ್ಲಿಸಿದ. ಮರುದಿನ ಮುಂಜಾನೆ ನಾನು ಹಗ್ಗ ತರಲೆಂದು ಸಾಮಾನಿನ ಕೋಣೆಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಮಾತು.

"ಊದಿಕೊಂಡೈತಲೋ. ಇವತ್ತ ನೀ ಕುಂಡ್ರು" ಎಂದು ದಸ್ತಗೀರ ಮಾಸ್ತರರ ದನಿ.

"ಆಡ್ತೇನ್ರಿ ಮಾಸ್ತರ. ಏನೂ ಆಗಿಲ್ರಿ" ಎಂದು ಈರಪ್ಪ.

"ನನಗ ಹೇಳಬ್ಯಾಡ. ನಿನ್ನಿ ಬಿದ್ದಾಗಿಂದ ನೋಡಾಕತ್ತೇನಿ. ಮೊಣಕಾಲು ಸೋತೈತಿ."

"ನಮ್ಮಪ್ಪ ಬಂದಾನ್ರಿ, ಗಾಡಿ ಹೂಡಿಕೊಂಡು. ಒಮ್ಮೆನೂ ನನ್ನ ಆಟ ನೋಡಿಲ್ರಿ ಅಂವ. ನಿಮ್ಮ ಕಾಲಿಗೆ ಬೀಳ್ತೇನ್ರಿ, ಇಳಿಸ್ರಿ."

"ಏಳು. ಅಳಬ್ಯಾಡ. ಢಾಲು ಮುಂದಿನ ವರ್ಷಾನೂ ಬರ್ತೈತಿ, ಮೊಣಕಾಲು ಬರಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ."

ಹುಡುಗ ಬಿಕ್ಕುವುದು ಕೇಳಿಸಿತು. ನಾನು ಹಗ್ಗ ತೆಗೆದುಕೊಳ್ಳದೆ ಹಿಂದಿರುಗಿದೆ. ನನ್ನ ಮುಂದೆ ಅವನು ಎಂದೂ ಅತ್ತಿರಲಿಲ್ಲ. ಅವನ ಕಾಲಿನ ಚಿಂತೆಗಿಂತ ಮೊದಲು ನನಗೆ ಹೊಳೆದದ್ದು ಇದು.

ಸಂಜೆ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಈರಪ್ಪ ಬೆಂಚಿನ ಮೇಲೆ ಕೂತಿದ್ದ. ಅವನ ಅಪ್ಪ ತಲೆಗೆ ಹಳದಿ ಪಟಗಾ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ನಿಂತು, ತನ್ನ ಮಗ ಯಾವಾಗ ಆಡುತ್ತಾನೆಂದು ಪಕ್ಕದವರನ್ನು ಕೇಳುತ್ತಿದ್ದ. ನಮ್ಮವರು ಮೊದಲಿನಿಂದಲೂ ಹಿಂದೆ ಬಿದ್ದರು. ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಾಗ ಈರಪ್ಪ ಎದ್ದು ನಿಂತು, ಮೊಣಕಾಲಿಗೆ ಅರಿವೆ ಬಿಗಿದುಕೊಂಡ. ದಸ್ತಗೀರ ಮಾಸ್ತರರು ಮೂಲೆಯಿಂದ ಅವನನ್ನು ನೋಡಿದರು. ಅಂಕಗಳ ಹಲಗೆ ನೋಡಿದರು. ಮತ್ತೆ ಅವನನ್ನು ನೋಡಿದರು. ಆಮೇಲೆ ಹೂಂ ಎಂಬಂತೆ ತಲೆ ಆಡಿಸಿದರು.

ಅವನು ಇಳಿದ ಮೇಲೆ ನಡೆದ ಆಟದ ಬಗ್ಗೆ ನಾನು ಸುಳ್ಳು ಹೇಳಲಾರೆ. ಅಂಥದನ್ನು ಮತ್ತೆ ಕಂಡಿಲ್ಲ. ಒಂದೇ ಕಾಲಿನ ಮೇಲೆ ಕುಣಿದು ಕುಣಿದು ಬುಟ್ಟಿಗೆ ಹಾಕಿದ. ಕೊನೆಯ ಚೆಂಡು ಬಳೆಯೊಳಗೆ ಇಳಿಯುವ ಹೊತ್ತಿಗೆ ಅವನೂ ನೆಲಕ್ಕಿಳಿದ. ಒಣ ಕಟ್ಟಿಗೆ ಮುರಿದಂಥ ಸಪ್ಪಳ. ಜನ ಗೆದ್ದ ಖುಷಿಯಲ್ಲಿ ಕೂಗುತ್ತಿದ್ದರು. ಅವನು ಎದ್ದೇಳಲಿಲ್ಲವೆಂದು ತಿಳಿಯಲು ಅವರಿಗೆ ಹೊತ್ತು ಹಿಡಿಯಿತು. ದಸ್ತಗೀರ ಮಾಸ್ತರರು ಆಗಲೇ ಅವನ ಹತ್ತಿರ ಮುಟ್ಟಿದ್ದರು.

ಕಾಲು ನೆಟ್ಟಗಾಗಲಿಲ್ಲ. ಮೂರು ತಿಂಗಳು ದವಾಖಾನೆಯಲ್ಲಿದ್ದು ಹೊರಬಂದಾಗ ಮೊಣಕಾಲು ಮಡಚುವುದೇ ನಿಂತುಹೋಗಿತ್ತು. ಅಷ್ಟರೊಳಗೆ ವಿಚಾರಣೆಯ ಕಮೀಟಿ ಕೂತಿತ್ತು. ಪ್ರಿನ್ಸಿಪಾಲರು, ಒಬ್ಬ ಹಿರಿಯ ಪ್ರೊಫೆಸರರು, ಆಡಳಿತ ಮಂಡಳಿಯ ಪರವಾಗಿ ಅದೇ ವಕೀಲರು. ನನ್ನನ್ನೂ ಕರೆಸಿದರು.

"ಹುಡುಗನ ಮೊಣಕಾಲಿಗೆ ಪೆಟ್ಟಾಗಿದ್ದು ದಸ್ತಗೀರ ಅವರಿಗೆ ಮೊದ್ಲ ಗೊತ್ತಿತ್ತೇನ್ರಿ?" ವಕೀಲರು ಕೇಳಿದರು.

"ಗೊತ್ತಿತ್ರಿ. ಅವತ್ತ ಮುಂಜಾನೆ ಸಾಮಾನಿನ ಖೋಲ್ಯಾಗ ಮಾತಾಡೂದು ಕೇಳೇನಿ. ಊದಿಕೊಂಡೈತಿ ಅಂದ್ರು."

"ಮತ್ತೇನಂದ್ರು?"

ಕಿಟಕಿಯಿಂದ ನನ್ನ ಗರಡಿ ಕಾಣುತ್ತಿತ್ತು. ಅದರ ಎದುರು ಬುಟ್ಟಿಯ ಕಂಬಗಳು. ಮೇಜಿನ ಆಚೆ ಮೂವರೂ ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತಿದ್ದರು.

"ಅಷ್ಟ ಕೇಳಿದ್ದು ರೀ" ಎಂದೆ.

ಈರಪ್ಪ ದವಾಖಾನೆಯ ಮಂಚದಿಂದಲೇ, ಆಡಬೇಕೆಂದು ಹಟ ಹಿಡಿದವನು ತಾನೇ ಎಂದು ಕಾಗದ ಬರೆದಿದ್ದ. ಮಾಸ್ತರರೇ ಹೇಳಿ ಬರೆಸಿದ್ದು ಎಂದು ವಕೀಲರು ಅದನ್ನು ಬದಿಗಿಟ್ಟರು. ದಸ್ತಗೀರ ಮಾಸ್ತರರನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತಂತೆ: "ನಾ ಇಳಿಸಿದೆ." ತಪ್ಪು ಅವರದೇ ಎಂದು ಕಮೀಟಿ ತೀರ್ಮಾನಿಸಿತು, ಮರುವಾರ ಅವರು ಕೆಲಸ ಬಿಟ್ಟು ಹೋದರು. ಹೋಗುವಾಗ ಗರಡಿಗೆ ಬಂದು, "ಬರ್ತೇನ್ರಿ ಶಿವಪ್ಪಣ್ಣಾ" ಎಂದು ಹೇಳಿಯೇ ಹೋದರು.

ಬುಟ್ಟಿ ಚೆಂಡಿನ ತಂಡವನ್ನು ಪ್ರಿನ್ಸಿಪಾಲರು ನನಗೆ ವಹಿಸಿದರು. ಬೇಡವೆನ್ನಲಿಲ್ಲ. ಒಳಗೊಳಗೆ ಇದಕ್ಕಾಗಿಯೇ ಕಾದಿದ್ದೆನೆಂದು ಕಾಣುತ್ತದೆ. ಅದೇ ಮೂಲೆಯಲ್ಲಿ, ಹಾಗೆಯೇ ಕುಕ್ಕರಗಾಲಿನಲ್ಲಿ ಕೂತೆ. ನಾನೂ ಕಾಲು ನೋಡಿದೆ. ಕಾಲು ಕಂಡವು, ಅಷ್ಟೇ. ಆ ವರ್ಷ ಮೊದಲ ಪಂದ್ಯದಲ್ಲೇ ಸೋತೆವು, ಮರುವರ್ಷವೂ ಸೋತೆವು. ಢಾಲು ಗೋಡೆಯಿಂದ ಇಳಿದು ಪರವೂರಿಗೆ ಹೋಯಿತು. ಹುಡುಗರು ನನಗೆ ಎದುರಾಡಲಿಲ್ಲ. ಆಟ ಮುಗಿದ ಮೇಲೆ ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ಎಲ್ಲೋ ಇಲ್ಲದ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಎದುರಿಗಿದ್ದವನ ಮೇಲೆ ಪಡುವುದಕ್ಕಿಂತ ಕಷ್ಟ. ಎದುರಿಗಿದ್ದವನು ಒಂದು ದಿನವಾದರೂ ಸೋಲುತ್ತಾನೆ.

ಏಳು ವರ್ಷ ಹೀಗೇ ಕಳೆಯಿತು. ಸ್ವಾತಂತ್ರ್ಯ ಬಂದ ಮರುವರ್ಷ, ಒಂದು ಮುಂಜಾನೆ ಗಂಗವ್ವ ಚಹಾ ತಂದಿಟ್ಟು ಎದುರಿಗೇ ಕೂತಳು. "ಕಮೀಟಿ ಮುಂದ ಏನು ಬಿಟ್ಟು ಬಂದ್ರಿ ನೀವು? ಕನಸಿನ್ಯಾಗ ಅಷ್ಟ ಕೇಳಿದ್ದು ರೀ ವಕೀಲ್ರ, ಅಷ್ಟ ರೀ ಅಂತ ಬಡಬಡಸ್ತೀರಿ" ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ನನ್ನ ಕೋಟು ತಂದು ಕೈಗೆ ಕೊಟ್ಟಳು. "ಹೋಗಿ ಹೇಳಿ ಬರ್ರಿ. ಅವರು ಹುಬ್ಬಳ್ಳ್ಯಾಗ ಅದಾರಂತ."

ದಾರಿ ನಡುವಿನ ರಾಯಾಪುರ ದಾಟುವವರೆಗೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತ ಬಸ್ಸಿನಲ್ಲಿ ಕೂತಿದ್ದೆ. ಹುಬ್ಬಳ್ಳಿಯಲ್ಲಿ ಅವರ ತಂದೆಯ ಕಲಾಯಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಈಗ ಅದನ್ನು ದಸ್ತಗೀರ ಮಾಸ್ತರರೇ ನಡೆಸುತ್ತಿದ್ದರು. ಅಂಗಡಿಯ ಹಿಂದಿನ ಬಯಲಿನಲ್ಲಿ ಎರಡು ಕಂಬ, ಎರಡು ಬಳೆ. ಗಿರಣಿ ಕೆಲಸಗಾರರ ಮಕ್ಕಳು, ಓಣಿಯ ಮಕ್ಕಳು ಸೇರಿ ಇಪ್ಪತ್ತು ಮಂದಿ ಬರಿಗಾಲಲ್ಲಿ ಆಡುತ್ತಿದ್ದರು. ಮಾಸ್ತರರ ಗಡ್ಡ ನೆರೆತಿತ್ತು, ಮೈ ಇಳಿದಿತ್ತು. ಮೂಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು, "ಅರೇ ಶಿವಪ್ಪಣ್ಣಾ! ಬರ್ರಿ, ಬರ್ರಿ" ಎಂದು ತಮ್ಮ ಹೆಗಲ ಮೇಲಿನ ಟಾವೆಲಿನಿಂದ ಕಲ್ಲು ಒರೆಸಿ ಕೂಡ್ರಿಸಿದರು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಅವತ್ತ ಬಾಗಲದಾಗ ನಾ ಇದ್ದೆ, ದಸ್ತಗೀರ. ನೀವು ಬ್ಯಾಡ ಅಂದದ್ದೂ ಕೇಳಿದ್ದೆ. ಹೇಳಲಿಲ್ಲ" ಅಂದೆ.

"ಗೊತ್ತೈತ್ರಿ. ನಿಮ್ಮ ಧೋತರದ ಅಂಚು ಕಂಡಿತ್ತು."

"ಮತ್ತ ಕಮೀಟಿ ಮುಂದ ಯಾಕ ನನ್ನ ಹೆಸರು ತಗೀಲಿಲ್ಲ? ನನ್ನ ಇನ್ನೊಮ್ಮೆ ಕರಿಸಿ ಕೇಳ್ರಿ ಅನ್ನಬಹುದಿತ್ತಲ್ಲ?"

ಅವರು ಮಕ್ಕಳ ಕಾಲುಗಳಿಂದ ಕಣ್ಣು ತೆಗೆಯಲಿಲ್ಲ. "ಏನಂತ ಅನ್ಲಿ ಅಣ್ಣಾ? ಮುಂಜಾನೆ ಬ್ಯಾಡ ಅಂದಾಂವ ಸಂಜೀಕ ಯಾಕ ಇಳಿಸಿದಿ ಅಂತ ಕೇಳಿದ್ರ? ಗೆಲ್ಲಬೇಕಾಗಿತ್ತು, ಇಳಿಸಿದೆ. ನೀವು ಉಳಿದದ್ದು ಹೇಳಿದ್ರ ನನ್ನ ನೌಕರಿ ಉಳೀತಿತ್ತು. ಅವನ ಕಾಲು ಉಳೀತಿತ್ತೇನ್ರಿ?"

ನಾನು ಏಳು ವರ್ಷ ಹೊತ್ತು ತಂದದ್ದನ್ನು ಆ ಮನುಷ್ಯ ಎರಡೇ ಮಾತಿನಲ್ಲಿ ನನ್ನ ಕೈಯಿಂದ ತೆಗೆದುಕೊಂಡು ತನ್ನ ಪಕ್ಕದಲ್ಲಿಟ್ಟುಕೊಂಡರು. ಹಗುರವಾಗಬೇಕಿತ್ತು. ಆಗಲಿಲ್ಲ. ನನ್ನ ಹುಡುಗರನ್ನು ತೆಗೆದುಕೊಂಡರು, ನನ್ನ ಹೆಸರನ್ನು ತೆಗೆದುಕೊಂಡರು. ಕಡೆಗೆ ನಾನು ಮಾಡಿದ ತಪ್ಪಿನಲ್ಲೂ ದೊಡ್ಡ ಪಾಲು ಇವರದೇ ಆಯಿತಲ್ಲ ಎಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಿಟ್ಟು ಬಂತು.

ಅಷ್ಟರಲ್ಲಿ ಅವರು ಬಯಲಿನ ಆಚೆ ಬದಿಗೆ ಕೈಮಾಡಿ ಕೂಗಿದರು. "ಈರ್ಯಾ, ಲಗೂ ಬಾರೋ. ನಿಮ್ಮ ಮಾಸ್ತರ ಬಂದಾರ ನೋಡು."

ಚಿಕ್ಕ ಹುಡುಗಿಯೊಬ್ಬಳಿಗೆ ಚೆಂಡು ಹಿಡಿಯುವುದನ್ನು ತೋರಿಸುತ್ತಿದ್ದ ಎತ್ತರದ ಮನುಷ್ಯ ತಿರುಗಿದ. ಒಂದು ಕಾಲನ್ನು ಕೋಲಿನಂತೆ ಬೀಸುತ್ತ ಬಯಲು ದಾಟಿ ಬಂದ. ಹುಬ್ಬಳ್ಳಿಯ ಸಾಲೆಯೊಂದರಲ್ಲಿ ಮಾಸ್ತರನಾಗಿದ್ದಾನಂತೆ, ದಿನಾ ಸಂಜೆ ಇಲ್ಲಿಗೆ ಬರುತ್ತಾನಂತೆ. ಮುಖದಲ್ಲಿ ಕಹಿಯ ಸುಳಿವೂ ಇರಲಿಲ್ಲ. "ಮಾಸ್ತರ! ಅವ್ವಾರು ಆರಾಮ ಅದಾರೇನ್ರಿ? ಅವರ ಹೋಳಿಗಿ ಇನ್ನೂ ನೆನಪೈತ್ರಿ" ಅಂದ.

ಆಮೇಲೆ ನಮಸ್ಕಾರ ಮಾಡಲೆಂದು ಬಾಗಿದ. ಮೊಣಕಾಲು ಮಡಚಲಿಲ್ಲ. ಆ ಕಾಲನ್ನು ಹಿಂದಕ್ಕೆ ಚಾಚಿ, ಬೀಳದಂತೆ ಎಡಗೈಯಿಂದ ದಸ್ತಗೀರ ಮಾಸ್ತರರ ಹೆಗಲು ಹಿಡಿದು, ಬಲಗೈಯಿಂದ ನನ್ನ ಪಾದ ಮುಟ್ಟಿದ. ಅವರು ಹೆಗಲನ್ನು ಒಂದಿಷ್ಟು ತಗ್ಗಿಸಿ ಕೊಟ್ಟರು, ದಿನವೂ ಹಾಗೆ ಕೊಟ್ಟು ರೂಢಿಯಾದವರಂತೆ.